ಗೊದಮೊಟ್ಟೆಗೆ ಸುಣ್ಣದಂಶ ಬೇಕು, ಸುಣ್ಣ ಬೇಡ: ಕರಾವಳಿಯ ಮನೆಗೊಂದು ನೀರಿನ ಹೋಲಿಕೆ

ಉಡುಪಿ ಪಕ್ಕದ ಪರ್ಕಳದ ನಮ್ಮ ಮನೆಯ ಹಿತ್ತಿಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿಗೆ ಒತ್ತಿಕೊಂಡು ಒಂದು ಸಿಮೆಂಟಿನ ತೊಟ್ಟಿ ಇದೆ. ಮಳೆ ಹಿಡಿದ ವಾರದೊಳಗೆ ಅದರ ಒಳಗೋಡೆಯಲ್ಲಿ, ನೀರಿನಿಂದ ಗೇಣು ಮೇಲೆ, ಯಾರೋ ಸಾಬೂನಿನ ನೊರೆ ಮೆತ್ತಿ ಹೋದಂತಹ ಮುದ್ದೆಯೊಂದು ಕಾಣಿಸಿಕೊಳ್ಳುತ್ತದೆ. ಅದು ಮರಗಪ್ಪೆಯ ನೊರೆಗೂಡು. ಕೆಲವೇ ದಿನಗಳಲ್ಲಿ ನೊರೆ ಜರಿದು ಗೊದಮೊಟ್ಟೆಗಳು ಒಂದೊಂದಾಗಿ ನೀರಿಗೆ ಉದುರುತ್ತವೆ. ತೊಟ್ಟಿ ತೊಳೆಯದೆ ನಮಗೆ ಉಪಾಯವಿಲ್ಲ. ಚರಂಡಿಗೆ ಚೆಲ್ಲಲು ಮನಸ್ಸು ಬಾರದೆ, ನಾಲ್ಕು ಮಳೆಗಾಲದಿಂದ ಅವನ್ನು ಟಬ್ಬಿನಲ್ಲಿ ಸಾಕಿ, ಕಾಲು ಮೂಡಿದ ಮೇಲೆ ಅದೇ ಹಿತ್ತಿಲಿಗೆ ಬಿಡುತ್ತಿದ್ದೇನೆ.

ಮೊದಲ ವರ್ಷ ಎರಡೇ ದಿನದಲ್ಲಿ ಎಲ್ಲವೂ ಸತ್ತವು. ಎರಡನೆಯ ವರ್ಷ ಬದುಕಿದವು, ಆದರೆ ಕಪ್ಪೆಯಾಗುವ ಹೊತ್ತಿಗೆ ಮುಂಗಾಲು ದಾರದ ಎಳೆಯಂತಿದ್ದು, ಮೈ ಎತ್ತಲಾರದೆ ಗಲ್ಲ ಊರಿ ಕುಳಿತವು. ಮೂರನೆಯ ವರ್ಷ ಅರ್ಧಕ್ಕರ್ಧ ಉಳಿದವು. ಕಳೆದ ವರ್ಷ ಮಾತ್ರ ಹೆಚ್ಚುಕಡಿಮೆ ಎಲ್ಲವೂ ನೆಟ್ಟಗೆ ಜಿಗಿದು ಹೋದವು. ಟಬ್ಬು ಅದೇ, ಜಾಗ ಅದೇ, ಸಾಕುವವನೂ ಅವನೇ. ಬದಲಾದದ್ದು ನೀರು ಮತ್ತು ನೀರಿನಲ್ಲಿದ್ದ ಖನಿಜ.

ನೀರು ಶುದ್ಧವಾಗಿದ್ದರೆ ಸಾಕು ಎಂದು ನಂಬಿದ್ದೇ ನನ್ನ ಎಲ್ಲ ಎಡವಟ್ಟುಗಳ ಬುಡ. ಮಂಗಳೂರು, ಉಡುಪಿ ಕಡೆಯ ನೀರಿನ ತೊಂದರೆ ಕೊಳಕಲ್ಲ, ಬಡತನ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಸುರಿಯುವ ಮಳೆ ಯುಗಯುಗಗಳಿಂದ ಈ ನೆಲದ ಸುಣ್ಣದಂಶವನ್ನು, ಅಂದರೆ ಕ್ಯಾಲ್ಸಿಯಮ್ಮನ್ನು, ತೊಳೆದು ಕಡಲಿಗೆ ಸೇರಿಸಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ ತುಂಬಿದ ಮುರಕಲ್ಲು. ಅದರ ಸಂದಿಯಿಂದ ಒಸರುವ ಬಾವಿಯ ನೀರು ಕುಡಿಯಲು ಸಿಹಿ, ಬೇಳೆ ಬೇಯಿಸಲು ಸಲೀಸು, ಸಾಬೂನಿಗೆ ಧಾರಾಳ ನೊರೆ. ಗೊದಮೊಟ್ಟೆಗೆ ಮಾತ್ರ ಅದು ಉಪ್ಪಿಲ್ಲದ ಗಂಜಿ.

ಗೊದಮೊಟ್ಟೆಯ ಅಸ್ಥಿಪಂಜರ ಬಹುಪಾಲು ಮೃದ್ವಸ್ಥಿ. ಅದು ಎಲುಬಾಗಿ ಗಟ್ಟಿಯಾಗುವುದು ಕಾಲು ಮೂಡುವ ಕೊನೆಯ ವಾರಗಳಲ್ಲಿ. ಆ ಅವಸರಕ್ಕೆ ಬೇಕಾದ ಕ್ಯಾಲ್ಸಿಯಂ ಕಾರ್ಬೊನೇಟನ್ನು ಅದು ಬೆನ್ನುಹುರಿಯ ಇಕ್ಕೆಲದ ಪುಟ್ಟ ಚೀಲಗಳಲ್ಲಿ ಮೊದಲೇ ಕೂಡಿಡುತ್ತದೆ. ಮುಂಗಾಲು ಹೊರಬರುವ ಹೊತ್ತಿಗೆ ಊಟ ನಿಲ್ಲುತ್ತದೆ, ಬಾಲ ಕರಗುತ್ತದೆ, ಆ ಗಂಟು ಬಿಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಕೂಡಿಡಲು ನೀರಿನಲ್ಲಿ, ಆಹಾರದಲ್ಲಿ ಸುಣ್ಣದಂಶ ಇರಬೇಕು. ಕಿವಿರು, ಚರ್ಮಗಳ ಮೂಲಕ ನೀರಿನಿಂದಲೇ ಕ್ಯಾಲ್ಸಿಯಂ ಹೀರುವ ಜೀವಿ ಇದು. ಆದ್ದರಿಂದ ನೀರಿನ ಆಯ್ಕೆ ಎಂದರೆ ಅರ್ಧ ಊಟದ ಆಯ್ಕೆಯೂ ಹೌದು.

ಯಾವ ನೀರು?

ಬಾವಿಯ ನೀರು ನನ್ನ ಮೊದಲ ಆಯ್ಕೆ, ಆದರೆ ಬರಿಯದಾಗಿ ಅಲ್ಲ. ಮುರಕಲ್ಲಿನ ಬಾವಿಗಳಲ್ಲಿ ಪಿಎಚ್ (ನೀರಿನ ಹುಳಿ, ಕ್ಷಾರಗಳ ಅಳತೆ; 7 ಎಂದರೆ ಸಮ) ಸಾಮಾನ್ಯವಾಗಿ 5.5ರಿಂದ 6.5ರ ನಡುವೆ, ಅಂದರೆ ಹುಳಿ ಕಡೆಗೆ. ಅಕ್ವೇರಿಯಂ ಅಂಗಡಿಯ ಹನಿ ಕಿಟ್ಟಿನಲ್ಲಿ ನಮ್ಮ ಬಾವಿಯ ನೀರು ಅರಸಿನ ಕದಡಿದ ಬಣ್ಣಕ್ಕೆ ಬರುತ್ತದೆ. ಆ ಕಿಟ್ಟಿನಲ್ಲಿ ಅದಕ್ಕಿಂತ ಕೆಳಗಿನ ಬಣ್ಣವೇ ಇಲ್ಲ. ಮೂರನೆಯ ವರ್ಷ ಇದೇ ನೀರನ್ನು ಹಾಗೆಯೇ ಬಳಸಿದ್ದೆ. ಮೊದಲ ಹತ್ತು ದಿನ ಚೆನ್ನಾಗಿತ್ತು. ಆಮೇಲೆ ಅವುಗಳ ಹಿಕ್ಕೆ, ಉಳಿದ ಸೊಪ್ಪು ಕೊಳೆತು ನೀರು ಇನ್ನಷ್ಟು ಹುಳಿಯಾಯಿತು. ಹುಳಿಯನ್ನು ತಡೆದು ನಿಲ್ಲಿಸುವ ಕಾರ್ಬೊನೇಟ್ ಬಡಕಲು ನೀರಿನಲ್ಲಿ ಇರುವುದಿಲ್ಲ, ಹಾಗಾಗಿ ಇಳಿತ ನಿಧಾನವಾಗಿ ಆಗುವುದಿಲ್ಲ, ಒಂದು ಬೆಳಗ್ಗೆ ಎದ್ದು ನೋಡಿದರೆ ಆಗಿಹೋಗಿರುತ್ತದೆ. ಬಾವಿಯ ನೀರಿಗೆ ಚಿಪ್ಪುಮೀನಿನ ಚಿಪ್ಪು ಸೇರಿಸಿದರೆ ಸುಣ್ಣದಂಶ, ಕಾರ್ಬೊನೇಟ್ ಈ ಎರಡು ಕೊರತೆಗಳೂ ಒಟ್ಟಿಗೆ ತುಂಬುತ್ತವೆ. ಚಿಪ್ಪಿನ ವಿಷಯ ಮುಂದೆ ಬರುತ್ತದೆ. ಬಾವಿ ತೊಳೆಸಿ ಬ್ಲೀಚಿಂಗ್ ಪುಡಿ ಹಾಕಿದ ವಾರ ಆ ನೀರು ಬೇಡ. ಕಡಲ ತಡಿಯ, ಅಳಿವೆಯ ಪಕ್ಕದ ಬಾವಿಯಾದರೆ ಬೇಸಗೆಯ ಕೊನೆಗೆ ಉಪ್ಪಾಗಿರುತ್ತದೆ. ನಾಲಿಗೆಗೆ ಉಪ್ಪು ತಿಳಿದರೆ ನಾಲ್ಕು ಒಳ್ಳೆಯ ಮಳೆ ಬೀಳುವವರೆಗೆ ಕಾಯಿರಿ.

ನಳ್ಳಿಯ ನೀರು ಎರಡನೆಯದು. ಮಂಗಳೂರಿಗೆ ತುಂಬೆಯ ಅಣೆಕಟ್ಟಿನಿಂದ ನೇತ್ರಾವತಿ, ಉಡುಪಿಗೆ ಬಜೆಯಿಂದ ಸ್ವರ್ಣಾ. ಎರಡೂ ಘಟ್ಟದಿಂದ ಇಳಿದು ಬಂದ ಮೆದು ನೀರೇ. ತೊಡಕು ಕ್ಲೋರಿನ್ ಒಂದೇ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ನಳ್ಳಿಗೆ ಬರುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮ್ಮನ್ನು ಭೇದಿಯಿಂದ ಕಾಯುವ ಆ ಕ್ಲೋರಿನ್ ಗೊದಮೊಟ್ಟೆಯ ಕಿವಿರನ್ನು ಸುಡುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು, ನಡುವೆ ನಾಲ್ಕೈದು ಸಲ ಚೊಂಬಿನಿಂದ ಎತ್ತಿ ಹೊಯ್ದರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಕ್ವೇರಿಯಂ ಅಂಗಡಿಯ ಸೋಡಿಯಂ ಥಯೋಸಲ್ಫೇಟ್ ಹನಿ ಸಾಕು.

ಮಳೆನೀರು ನೋಡಲು ಸಹಜ ಆಯ್ಕೆ. ಕಪ್ಪೆ ಮೊಟ್ಟೆಯಿಡುವುದೇ ಮಳೆಯ ಹೊಂಡದಲ್ಲಿ ಅಲ್ಲವೇ? ಆದರೆ ಹೊಂಡದಲ್ಲಿ ಮಣ್ಣಿದೆ, ಪಾಚಿಯಿದೆ, ಕೊಳೆತ ಎಲೆಯಿದೆ. ಬಕೆಟ್ಟಿನಲ್ಲಿ ಹಿಡಿದದ್ದು ಬರಿಯ ಮಳೆ. ಹೆಂಚಿನ ಮಾಡಿನಿಂದ ಇಳಿದದ್ದಾದರೆ ಮೊದಲ ಕೆಲವು ಮಳೆ ಬಿಟ್ಟು ಹಿಡಿಯಬಹುದು. ಸತುವಿನ ಲೇಪದ ತಗಡಿನ ಮಾಡಾದರೆ ಬೇಡ. ಹುಳಿ ಮಳೆಗೆ ಸತು ಕರಗಿ ಬರುತ್ತದೆ. ಕೊಳವೆಬಾವಿಯ ನೀರನ್ನು ತುಂಬುವುದಾದರೆ ಒಂದು ದಿನ ಗಾಳಿಗಿಟ್ಟು, ತಳದಲ್ಲಿ ಕೆಂಪು ಕಬ್ಬಿಣ ಕೂತ ಮೇಲೆ ಮೇಲಿನದನ್ನು ಮಾತ್ರ ಬಗ್ಗಿಸಿಕೊಳ್ಳಿ.

ಅಡುಗೆಮನೆಯ ಆರ್‌ಒ ಯಂತ್ರದ ನೀರನ್ನು ನಾನು ಎರಡನೆಯ ವರ್ಷ ಬಳಸಿದೆ. ಮೊದಲ ವರ್ಷದ ಸಾವಿನಿಂದ ಹೆದರಿದವನು ಅತಿ ಶುದ್ಧದ ಕಡೆಗೆ ಹಾರಿದ್ದೆ. ಉಪ್ಪು ನೀರು, ಗಡಸು ನೀರಿನ ಊರುಗಳಿಗೆ ಹೇಳಿದ ಯಂತ್ರ ನಮ್ಮ ಬಾವಿಯ ನೀರಿಗೆ ಯಾಕೆ ಬೇಕಿತ್ತು ಎಂಬುದು ಬೇರೆ ಪ್ರಶ್ನೆ. ಮಾರಲು ಬಂದವನು ಕೈಯಲ್ಲೊಂದು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವ ಸಾಧನ) ಹಿಡಿದಿದ್ದ, ಅಷ್ಟು ಸಾಕಾಯಿತು. ಇದ್ದ ಚೂರುಪಾರು ಖನಿಜವನ್ನೂ ಆ ಯಂತ್ರ ಸೋಸಿ ಚರಂಡಿಗೆ ಬಿಡುತ್ತದೆ. ಅಂಥ ನೀರಿನಲ್ಲಿ ಗೊದಮೊಟ್ಟೆ ತನ್ನ ಮೈಯೊಳಗಿನ ಲವಣವನ್ನು ಉಳಿಸಿಕೊಳ್ಳಲೇ ಹೆಣಗಬೇಕು, ಕೂಡಿಡುವುದು ದೂರದ ಮಾತು. ನಾನು ಕಂಡ ದಾರದಂಥ ಮುಂಗಾಲು ಸಾಕಿದ ಕಪ್ಪೆಗಳಲ್ಲಿ ಹಲವೆಡೆ ಕಂಡುಬಂದಿರುವ ರೋಗ. ಪನಾಮಾದ ಒಂದು ಕಪ್ಪೆಯ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನ ಅದಕ್ಕೂ ನೀರಿನ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಪ್ರಮಾಣಕ್ಕೂ ನಂಟಿದೆ ಎಂದು ತೋರಿಸಿತು. ಫ್ಲ್ಯಾಟಿನಲ್ಲಿ ಆರ್‌ಒ ನೀರನ್ನೇ ಬಳಸುತ್ತೇವೆ ಎನ್ನುವವರು ಅದಕ್ಕೆ ಕ್ಲೋರಿನ್ ಹಾರಿಸಿದ ನಳ್ಳಿಯ ನೀರು ಅರ್ಧ ಬೆರೆಸಿ, ಚಿಪ್ಪು ಹಾಕಿ, ಎರಡು ದಿನ ಬಿಟ್ಟು ಬಳಸಲಿ.

ತಾಮ್ರ ಎಂಬ ಅಡ್ಡಿ

ಮೊದಲ ವರ್ಷದ ಕಥೆ ಹೇಳಲಿಲ್ಲ. ಆಗಲೂ ಬಳಸಿದ್ದು ಬಾವಿಯ ನೀರೇ. ಆದರೆ ಸಂಜೆ ಸೇದಿ ಬಚ್ಚಲಿನ ತಾಮ್ರದ ಹಂಡೆಗೆ ತುಂಬಿಟ್ಟದ್ದನ್ನು ಬೆಳಗ್ಗೆ ಟಬ್ಬಿಗೆ ಸುರಿದಿದ್ದೆ. ತಣ್ಣೀರು, ತಿಳಿನೀರು, ಹಂಡೆಯನ್ನು ಅಮ್ಮ ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿದ್ದಳು ಬೇರೆ. ಮಧ್ಯಾಹ್ನಕ್ಕೆ ಗೊದಮೊಟ್ಟೆಗಳು ಓರೆಯಾಗಿ ಸುತ್ತು ಹಾಕತೊಡಗಿದವು. ಮರುದಿನ ಸಂಜೆಗೆ ತಳದಲ್ಲಿ ಕರಿ ಎಳ್ಳು ಚೆಲ್ಲಿದಂತೆ ಬಿದ್ದಿದ್ದವು. ಯಾರದೋ ಕಣ್ಣು ಬಿದ್ದಿರಬೇಕು ಎಂದು ಅಮ್ಮ ಅಂದಳು. ಕಣ್ಣಲ್ಲ, ಅವಳು ಬೆಳಗಿದ ಹಂಡೆಯೇ ಎಂದು ನನಗೆ ತಿಳಿದದ್ದು ತಿಂಗಳುಗಳ ಮೇಲೆ.

ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಒಳಗಿರಲಿ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ನಡೆದೀತು ಎನ್ನುತ್ತದೆ ಮಾನಕ. ಆ ಮೇಲಿನ ಮಿತಿಯ ಹತ್ತರಲ್ಲೊಂದು ಪಾಲಿಗೇ ಸಾಯುವ ಗೊದಮೊಟ್ಟೆಗಳಿವೆ. ನಮ್ಮ ಬಾವಿಯ ಹುಳಿ ನೀರು ತಾಮ್ರವನ್ನು ಬೇಗ ಕರಗಿಸುತ್ತದೆ, ಜತೆಗೆ ಕ್ಯಾಲ್ಸಿಯಂ ಕಡಿಮೆಯಿರುವ ನೀರಿನಲ್ಲಿ ಕಿವಿರು ತಾಮ್ರವನ್ನು ಹೆಚ್ಚು ಹೀರುತ್ತದೆ. ತಾಮ್ರದ ಕೊಡಪಾನ, ಹಿತ್ತಾಳೆಯ ಚೊಂಬು, ತಾಮ್ರದ ಕೊಳವೆಯ ಗೀಸರ್ ಯಾವುದೂ ಬೇಡ. ಪ್ಲಾಸ್ಟಿಕ್, ಗಾಜು, ಸ್ಟೀಲು ಆದೀತು.

ಇದೇ ಕಾರಣಕ್ಕೆ ಅಡಿಕೆ ತೋಟದ ಕಣಿಯ ನೀರನ್ನು ನಾನು ಪಟ್ಟಿಯಿಂದಲೇ ತೆಗೆದಿದ್ದೇನೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ತಾಮ್ರದ ಸಲ್ಫೇಟು. ಮಳೆ ಹಿಡಿಯುವ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಗೊದಮೊಟ್ಟೆಗಳ ಕಾಲವೂ ಸರಿಯಾಗಿ ಅದೇ. ಮದ್ದು ಬಿಡುವುದನ್ನು ನಿಲ್ಲಿಸಿ ಎಂದು ಬೆಳೆಗಾರನಿಗೆ ಹೇಳಲು ನನಗೆ ಬಾಯಿಲ್ಲ, ನಮ್ಮದೂ ಐವತ್ತು ಮರ ಇದೆ. ಆ ನೀರನ್ನು ಟಬ್ಬಿಗೆ ತರಬೇಡಿ ಎಂದಷ್ಟೇ ಹೇಳಬಲ್ಲೆ. ಗದ್ದೆಯ ನೀರು, ಯೂರಿಯಾ ಎರಚಿರದಿದ್ದರೆ, ಇದಕ್ಕಿಂತ ಎಷ್ಟೋ ವಾಸಿ. ಬಾವಿಯ ನೀರಿಗೆ ಒಂದು ಚೊಂಬು ಗದ್ದೆನೀರು ಬೆರೆಸಿದರೆ ಪಾಚಿಯೂ ಒಳ್ಳೆಯ ಸೂಕ್ಷ್ಮಜೀವಿಗಳೂ ಬರುತ್ತವೆ.

ಯಾವ ಸುಣ್ಣದಂಶ?

ನಮ್ಮ ಮಾತಿನಲ್ಲಿ ಕ್ಯಾಲ್ಸಿಯಂ ಎಂದರೆ ಸುಣ್ಣದಂಶ. ಅದನ್ನೇ ನೇರವಾಗಿ ಹಿಡಿದು ಎಲೆಯಡಿಕೆಯ ಡಬ್ಬಿಯ ಸುಣ್ಣ ಕದಡಿದರೆ ಅನಾಹುತ. ಚಿಪ್ಪು ಮತ್ತು ಸುಣ್ಣ ಒಂದೇ ಮನೆತನದವು, ಆದರೆ ನಡುವೆ ಬೆಂಕಿ ಇದೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಸುಟ್ಟು ನೀರು ಹಾಕಿ ಅರಳಿಸಿದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅದರ ತಿಳಿ ನೀರಿನ ಪಿಎಚ್ 12 ದಾಟುತ್ತದೆ. ಅದು ಕೈಯ ಚರ್ಮವನ್ನೇ ಸುಡುವಾಗ ಗೊದಮೊಟ್ಟೆಯ ಪಾಡು ಹೇಳುವುದೇ ಬೇಡ. ಹೊಸ ಸಿಮೆಂಟಿನ ತೊಟ್ಟಿಯೂ ಇದೇ ಸುಣ್ಣವನ್ನು ಬಿಡುತ್ತದೆ. ಹಲವು ಸಲ ನೀರು ತುಂಬಿ ಚೆಲ್ಲದೆ ಬಳಸಬಾರದು. ಚಿಪ್ಪು ಹಾಗಲ್ಲ. ನೀರು ಎಷ್ಟು ಹುಳಿಯೋ ಅಷ್ಟೇ ಕರಗುತ್ತದೆ, ಹುಳಿ ತೀರಿದ ಮೇಲೆ ತೆಪ್ಪಗಿರುತ್ತದೆ. ಗಾಳಿಗೆ ತೆರೆದ ನೀರಿನಲ್ಲಿ ಒಂದು ಬುಟ್ಟಿ ಚಿಪ್ಪು ಸುರಿದರೂ ಪಿಎಚ್ ಸುಮಾರು 8.3ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಳತೆ ತಪ್ಪಿದರೂ ಕೊಲ್ಲದ ಔಷಧ ಬೇರೆ ಯಾವುದಿದೆ?

ಚಿಪ್ಪುಗಳಲ್ಲಿ ನನ್ನ ಮತ ಮರುವಾಯಿ ಎಂಬ ಚಿಪ್ಪುಮೀನಿನದಕ್ಕೆ. ಸುಕ್ಕ ಮಾಡಿದ ಮರುದಿನ ತೆಂಗಿನ ಬುಡಕ್ಕೆ ಬೀಳುವ ಚಿಪ್ಪುಗಳೇ ಸಾಕು. ಮಾಂಸದ ಚೂರು, ಮಸಾಲೆಯ ಎಣ್ಣೆ ಉಳಿಯದಂತೆ ಕುದಿಸಿ, ತೆಂಗಿನ ನಾರಿನಲ್ಲಿ ಉಜ್ಜಿ, ಒಂದು ವಾರ ಬಿಸಿಲಿಗೋ ಒಲೆಯ ಮೇಲಿನ ಅಟ್ಟಕ್ಕೋ ಹಾಕಿ. ಹತ್ತು ಲೀಟರಿಗೆ ಒಂದು ಹಿಡಿ. ಕಳೆದ ವರ್ಷ ಚಿಪ್ಪು ಹಾಕಿದ ರಾತ್ರಿ ಕಳೆದು ಹನಿ ಹಾಕಿ ನೋಡಿದಾಗ ಅರಸಿನ ಬಣ್ಣ ಹೋಗಿ ಎಳೆ ಬಾಳೆಯೆಲೆಯ ಹಸಿರು ಬಂದಿತ್ತು, ಅಂದರೆ 7ರ ಹತ್ತಿರ. ಮಳೆಗಾಲ ಮುಗಿಯುವಾಗ ಚಿಪ್ಪಿನ ಹೊರಮೈಯ ಗೆರೆಗಳು ಬೆರಳಿಗೆ ಮೊದಲಿಗಿಂತ ನುಣುಪಾಗಿ ಸಿಕ್ಕವು.

ಇನ್ನೂ ಬೇಗ ಕರಗುವುದು ಬೇಕಿದ್ದರೆ ಕಪ್ಪೆ ಬೊಂಡಾಸಿನ (ಕಟಲ್‌ಫಿಶ್) ಬೆನ್ನೊಳಗಿನ ಬಿಳಿ ಎಲುಬು. ಹೆಸರಿನಲ್ಲೇ ಕಪ್ಪೆ ಇದೆ, ಕಪ್ಪೆಗೇ ಬರಲಿ ಎಂದು ಇಟ್ಟ ಹಾಗೆ. ಮಲ್ಪೆ, ಪಣಂಬೂರು, ಸುರತ್ಕಲ್ಲಿನ ಮರಳಿನಲ್ಲಿ ದೋಣಿಯಾಕಾರದ ಹಗುರ ಬಿಳಿ ತುಂಡುಗಳು ಬಿದ್ದಿರುತ್ತವಲ್ಲ, ಅವೇ. ಒಳಗೆಲ್ಲ ಸೂಕ್ಷ್ಮ ಗೂಡುಗಳಿರುವುದರಿಂದ ನೀರು ಒಳಹೊಕ್ಕು ಕರಗಿಸುತ್ತದೆ. ಗೊದಮೊಟ್ಟೆಗಳು ಅದರ ಮೈಯನ್ನು ಕೆರೆದು ತಿನ್ನುವುದೂ ಉಂಟು. ಕಡಲುಪ್ಪು ಹೋಗುವಂತೆ ನಾಲ್ಕೈದು ದಿನ ಸಿಹಿನೀರು ಬದಲಿಸುತ್ತ ನೆನೆಹಾಕಬೇಕು, ಅದೊಂದು ರಗಳೆ. ಕಾಲು ಮೂಡುವ ಕೊನೆಯ ಎರಡು ವಾರಕ್ಕೆ ಇದನ್ನೂ ಚಿಪ್ಪಿನ ಜತೆ ಇಡುತ್ತೇನೆ.

ಮೀನು ಮನೆಯೊಳಗೆ ಬರದವರಿಗೆ ಕೋಳಿಮೊಟ್ಟೆಯ ಓಡೂ ಕಷ್ಟವೇ. ಹಾಗಲ್ಲದಿದ್ದರೆ ಒಳಗಿನ ಪೊರೆ ಕಿತ್ತು, ಕುದಿಸಿ, ಪುಡಿ ಮಾಡಿ ಹಾಕಬಹುದು. ಪೊರೆ ಉಳಿದರೆ ನಾರುತ್ತದೆ. ಮೀನು, ಮೊಟ್ಟೆ ಎರಡೂ ಬರದ ಮನೆಯವರಿಗೆ ಅಕ್ವೇರಿಯಂ ಅಂಗಡಿಯ ಸುಣ್ಣಕಲ್ಲಿನ ಚೂರು ಅಥವಾ ಅಮೃತಶಿಲೆಯ ತುಂಡು ಸರಿಹೋಗುತ್ತದೆ. ಅಡುಗೆ ಸೋಡಾ ಪಿಎಚ್ ಏರಿಸುತ್ತದೆ, ಕ್ಯಾಲ್ಸಿಯಂ ಒಂದು ಕಣವೂ ಕೊಡುವುದಿಲ್ಲ. ನಾವು ನುಂಗುವ ಕ್ಯಾಲ್ಸಿಯಂ ಮಾತ್ರೆಗೆ ಬಣ್ಣ, ವಿಟಮಿನ್ ಎಲ್ಲ ಬೆರೆತಿರುತ್ತದೆ, ಬೇಡ.

ತಟ್ಟೆಗೇನು?

ಹೆಚ್ಚಿನವರು ಕೈಗೆ ಸಿಕ್ಕ ಸೊಪ್ಪು ಬೇಯಿಸಿ ಹಾಕುತ್ತಾರೆ. ನಮ್ಮ ಹಿತ್ತಿಲಲ್ಲಿ ಮೊದಲು ಕೈಗೆ ಸಿಗುವುದು ಹರಿವೆ, ಬಸಳೆ. ಎರಡರಲ್ಲೂ ಆಕ್ಸಲೇಟ್ ಹೆಚ್ಚು, ಅದು ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ಅಷ್ಟು ಪಾಡುಪಟ್ಟು ನೀರಿಗೆ ತಂದ ಸುಣ್ಣದಂಶವನ್ನು ಹೊಟ್ಟೆಯೊಳಗೆ ಕಳೆದುಕೊಂಡಂತೆ. ನುಗ್ಗೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಧಾರಾಳ. ಐದು ನಿಮಿಷ ಬೇಯಿಸಿ, ಹಿಂಡಿ, ಚಿಟಿಕೆಯಷ್ಟು ಹಾಕಿ. ವಾರಕ್ಕೆ ಎರಡು ಸಲ ಉಪ್ಪು ಹಾಕದ ಒಣ ಸಿಗಡಿಯ ಪುಡಿ ಚೂರು. ಸಿಗಡಿಯಿಂದ ಪ್ರೋಟೀನಿನ ಜತೆ ಅಯೋಡಿನ್ ಬರುತ್ತದೆ, ಅದು ಥೈರಾಯ್ಡ್ ಗ್ರಂಥಿಗೆ ಬೇಕು. 1912ರಲ್ಲಿ ಗುಡರ್ನಾಟ್ಷ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಥೈರಾಯ್ಡ್ ಗ್ರಂಥಿಯ ಚೂರು ತಿನ್ನಿಸಿದಾಗ ಅವು ಬೆಳೆಯುವುದನ್ನು ಬಿಟ್ಟು ಗಡಿಬಿಡಿಯಿಂದ ಪುಟಾಣಿ ಕಪ್ಪೆಗಳಾಗಿದ್ದವು. ಬಾಲ ಕಳಚುವ ಅಪ್ಪಣೆ ಬರುವುದು ಆ ಗ್ರಂಥಿಯಿಂದ. ಹಾಗೆಂದು ಅಯೋಡಿನ್ ಉಪ್ಪು ಕದಡಬೇಡಿ.

ಮೀನಿನ ಗುಳಿಗೆಯ ಆಹಾರ ಸುಲಭ ಹೌದು, ಆದರೆ ಅದರಲ್ಲಿ ರಂಜಕ ಹೆಚ್ಚು. ತಿಂದು ಮಿಕ್ಕದ್ದು ಕೊಳೆತು ಫಾಸ್ಫೇಟ್, ಅಮೋನಿಯಾ ಆಗುತ್ತದೆ. ಅಮೋನಿಯಾ ಪಿಎಚ್ ಏರಿದಷ್ಟೂ ಹೆಚ್ಚು ವಿಷ. ಚಿಪ್ಪು ಹಾಕಿದವರು ಈ ಕಾರಣಕ್ಕೆ ಊಟ ಬಡಿಸುವುದರಲ್ಲಿ ಜಿಪುಣರಾಗಬೇಕು. ಎರಡು ಗಂಟೆಯಲ್ಲಿ ಮುಗಿಯದ್ದನ್ನು ತೆಗೆಯಿರಿ. ಲೀಟರಿಗೆ ಎರಡು ಮೂರು ಗೊದಮೊಟ್ಟೆಗಿಂತ ಹೆಚ್ಚು ಬೇಡ. ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿ. ಹೊಸ ನೀರು ಮೊದಲೇ ಇನ್ನೊಂದು ಬಕೆಟ್ಟಿನಲ್ಲಿ ಚಿಪ್ಪಿನ ಜತೆ ತಯಾರಾಗಿರಲಿ.

ಒಂದು ವಿನಾಯಿತಿ. ನಿಮ್ಮ ತೊಟ್ಟಿಯಲ್ಲಿ ಗಾಜಿನಂತೆ ಪಾರದರ್ಶಕವಾಗಿ, ನೀರಿನ ಮೇಲ್ಪದರದಲ್ಲಿ ಅಲುಗದೆ ನಿಂತ ಚಿಕ್ಕ ಗೊದಮೊಟ್ಟೆಗಳಿದ್ದರೆ ಅವು ಕಿರುಬಾಯಿಯ ಕಪ್ಪೆಯವು. ಅವಕ್ಕೆ ಕೆರೆದು ತಿನ್ನುವ ಹಲ್ಲಿಲ್ಲ, ನೀರನ್ನು ಸೋಸಿ ತಿನ್ನುತ್ತವೆ. ನುಗ್ಗೆ ಸೊಪ್ಪನ್ನು ಒಣಗಿಸಿ, ಬಟ್ಟೆಯಲ್ಲಿ ಜರಡಿ ಹಿಡಿದ ಪುಡಿಯೇ ಅವಕ್ಕೆ ಆಗಬೇಕು. ಈ ಬಳಗದ ಒಂದು ಜಾತಿಗೆ 2018ರಲ್ಲಿ ಕೊಡಿಯಾಲ ಎಂಬ ಹೆಸರೇ ಬಂತು, ಕೊಂಕಣಿಯಲ್ಲಿ ಮಂಗಳೂರಿಗಿರುವ ಹೆಸರು. ಕಡಲ ಪಕ್ಕ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಕೈಗಾರಿಕಾ ಜಾಗದಲ್ಲಿ ಸಿಕ್ಕಿದ ಕಪ್ಪೆ ಅದು. ಅಷ್ಟು ಸಣ್ಣ ನೆಲೆಯ ಜೀವಿಯನ್ನು ಅಲ್ಲಿಂದ ಇಲ್ಲಿಗೆ ಸಾಗಿಸುವುದು ತರವಲ್ಲ. ಯಾವ ಕಪ್ಪೆಯನ್ನೂ ಹಾಗೆ ಮಾಡಬೇಡಿ. ನಿಮ್ಮ ತೊಟ್ಟಿಯಲ್ಲಿ ಬಿದ್ದದ್ದನ್ನು ಮಾತ್ರ ಸಾಕಿ, ಅಲ್ಲಿಯೇ ಬಿಡಿ. ಗೋಂಕರು ಕಪ್ಪೆಯ ಮರಿಗಳನ್ನಂತೂ ಮುಟ್ಟದಿರುವುದೇ ಲೇಸು. ಅವು ಒಂದನ್ನೊಂದು ತಿನ್ನುತ್ತವೆ, ಕಾಡಿನ ಪ್ರಾಣಿಯನ್ನು ಮನೆಯಲ್ಲಿಟ್ಟ ಕಾನೂನಿನ ತಂಟೆಯೂ ಬಂದೀತು.

ಹಿಂಗಾಲು ಮೂಡಿದ ಮೇಲೆ ಮೊಣಕೈಯ ಜಾಗದಲ್ಲಿ ಚರ್ಮದೊಳಗೆ ಏನೋ ತುಯ್ಯುವುದು ಕಾಣುತ್ತದೆ. ಮರುದಿನವೋ ಅದರ ಮರುದಿನವೋ ಮುಂಗಾಲು ಹೊರಗೆ. ಆಗಿನಿಂದ ಅದು ಉಸಿರಾಡಲು ಮೇಲೆ ಬರಬೇಕು, ಆಳದ ನೀರಿನಲ್ಲಿ ಮುಳುಗಿ ಸಾಯಲೂಬಹುದು. ಟಬ್ಬಿನ ನೀರನ್ನು ನಾಲ್ಕು ಬೆರಳಿಗೆ ಇಳಿಸಿ, ಒಡೆದ ಹೆಂಚಿನ ತುಂಡೊಂದನ್ನು ಓರೆಯಾಗಿ ಒರಗಿಸಿಡಿ, ಮೇಲೆ ಸೊಳ್ಳೆಪರದೆ ಕಟ್ಟಿ. ಮರಗಪ್ಪೆಯ ಮರಿ ಗೋಡೆ ಹತ್ತುತ್ತದೆ. ಬಾಲ ಪೂರ್ತಿ ಕರಗುವವರೆಗೆ ಊಟ ಕೇಳುವುದಿಲ್ಲ. ಕಳೆದ ವರ್ಷ ಮೊದಲನೆಯದು ಹೆಂಚಿಗೆ ಬಂದು ಕುಳಿತಾಗ ನಾನು ನೋಡಿದ್ದು ಬಾಲವನ್ನಲ್ಲ, ಮುಂಗಾಲನ್ನು. ಎರಡೂ ಕೈ ಊರಿ, ಎದೆ ಎತ್ತಿ ಕುಳಿತಿತ್ತು. ಸಂಜೆ ಮಳೆ ಬರುವಾಗ ಪರದೆ ಬಿಚ್ಚಿದೆ.